ಫಿಟ್ಟಿಂಗ್ ಕೆಲಸದಲ್ಲಿ ಮನೆಗೆ ಹಾನಿಯಾದರೆ: ಮೊದಲು ಯಾವುದು, ಆಮೇಲೆ ಯಾವುದು

ಮಾರ್ಚ್‌ನಲ್ಲಿ ತಾರಸಿ ಮೇಲೆ ಸೋಲಾರ್ ಹಾಕಿಸುತ್ತಾರೆ. ಮೇ ತಿಂಗಳ ಮೊದಲ ಜೋರು ಮಳೆಗೆ ಹಾಲ್‌ನ ಸೀಲಿಂಗ್ ಒದ್ದೆ. ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಮಾತು: "ಅದು ಮೊದಲೇ ಇತ್ತು ಸಾರ್, ಹಳೇ ಮೋಲ್ಡ್ ಅಲ್ವಾ?" ಸೋಲಾರ್ ಬದಲು ಗೀಸರ್ ಇರಬಹುದು, ಎಸಿ ಇರಬಹುದು, ಮಾಡ್ಯುಲರ್ ಕಿಚನ್ ಇರಬಹುದು. ಮಾತು ಮಾತ್ರ ಅದೇ.

ನಾನು ಮೈಸೂರು, ಮಂಡ್ಯ ಎರಡೂ ಕಡೆ ಕಟ್ಟಡದ ಕೆಲಸ ನೋಡಿಕೊಳ್ಳುವವನು. ಇಂಥ ಜಗಳಗಳಿಗೆ ನನ್ನನ್ನು ಮನೆಯವರೂ ಕರೆಯುತ್ತಾರೆ, ಕಂಟ್ರಾಕ್ಟರೂ ಕರೆಯುತ್ತಾರೆ. ಎಷ್ಟೋ ಸಲ ಹಾನಿ ನಿಜವಾಗಿಯೂ ಆಗಿರುತ್ತದೆ, ಆದರೂ ಮನೆಯವರ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಯಾಕೆಂದರೆ ಮೊದಲು ಕೂಗಾಡುತ್ತಾರೆ, ಆಮೇಲೆ ಬೇರೆ ಮೇಸ್ತ್ರಿಯನ್ನು ಕರೆಸಿ ರಿಪೇರಿ ಮಾಡಿಸಿಬಿಡುತ್ತಾರೆ, ಎಲ್ಲ ಮುಗಿದ ಮೇಲೆ ಸಾಕ್ಷಿ ಹುಡುಕುತ್ತಾರೆ. ಆಗ ತೋರಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಕೆಳಗೆ ಹೇಳಿರುವ ಕ್ರಮ ಬದಲಿಸಬೇಡಿ.

ಬೇಕಾಗುವ ಸಾಮಾನು

ಕ್ಯಾಮೆರಾ ಇರುವ ಫೋನ್, ಟೇಪು, ಪೆನ್ಸಿಲ್, ಟಾರ್ಚ್, ಒಂದು ನಾಣ್ಯ, ಮರೆಯದೆ ದಿನಾಂಕ ಬರೆಯುವ ಒಂದು ನೋಟ್ ಪುಸ್ತಕ. ಜೊತೆಗೆ ಕೋಟೇಶನ್, ಬಿಲ್, ಹಣ ಕೊಟ್ಟ ದಾಖಲೆ, ವಾಟ್ಸಾಪ್ ಮಾತುಕತೆ. ಬಿಲ್ ಇಲ್ಲದಿದ್ದರೆ ಇವತ್ತೇ ಕೇಳಿ. ಬಿಲ್ ಕೊಡದಿರುವುದೇ ಗ್ರಾಹಕರ ಕಾನೂನಿನಲ್ಲಿ ತಪ್ಪು. ಸಿಗದೇ ಹೋದರೂ ಗೂಗಲ್ ಪೇ ಅಥವಾ ಫೋನ್ ಪೇಯಲ್ಲಿ ಹಣ ಹೋದ ದಾಖಲೆ ಬಹಳ ಕೆಲಸಕ್ಕೆ ಬರುತ್ತದೆ. ಕೈಯಲ್ಲಿ ನಗದು ಕೊಟ್ಟು ಚೀಟಿಯನ್ನೂ ಪಡೆಯದವರ ಪಾಡು ಮಾತ್ರ ಕಷ್ಟ.

ಹಂತ 1: ಡ್ರಿಲ್ ಮಷಿನ್ ಆನ್ ಆಗುವ ಮೊದಲು

ಕೆಲಸದವರು ಗೇಟಿನ ಒಳಗೆ ಬರುವ ಮೊದಲೇ ಹತ್ತು ನಿಮಿಷದ ವಿಡಿಯೋ ಮಾಡಿ. ಕೆಲಸ ನಡೆಯುವ ಜಾಗ, ಅದರ ಕೆಳಗಿನ ಕೋಣೆಯ ಸೀಲಿಂಗ್, ಅಕ್ಕಪಕ್ಕದ ಗೋಡೆ, ಸಾಮಾನು ಹೊತ್ತು ತರುವ ಮೆಟ್ಟಿಲು, ಬಾಗಿಲ ಚೌಕಟ್ಟು, ಎಲ್ಲ ಬರಲಿ. ಮೊದಲೇ ಇರುವ ಬಿರುಕು, ಕಲೆ ಮುಚ್ಚಿಡಬೇಡಿ. ಅವನ್ನು ಹತ್ತಿರದಿಂದ ತೋರಿಸಿ. ಹಳೆಯದನ್ನು ಒಪ್ಪಿಕೊಂಡವರು ಹೊಸದನ್ನು ತೋರಿಸಿದಾಗ ಮಾತಿಗೆ ಬೆಲೆ ಬರುತ್ತದೆ.

ಆ ವಿಡಿಯೋವನ್ನು ಕಂಟ್ರಾಕ್ಟರ್‌ಗೆ ವಾಟ್ಸಾಪ್ ಮಾಡಿ: "ಕೆಲಸಕ್ಕೆ ಮೊದಲು ಮನೆ ಹೀಗಿದೆ, ನೋಡಿ." ಅವರು ಸುಮ್ನೆ ಒಂದು ಹೆಬ್ಬೆಟ್ಟಿನ ಗುರುತು ಕಳಿಸಿದರೂ ಸಾಕು.

ಗೋಡೆಯೊಳಗೆ ಪೈಪ್, ವೈರು ಎಲ್ಲಿ ಹೋಗಿದೆ ಅಂತ ನಿಮಗೆ ಗೊತ್ತಿದ್ದರೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಸುಮಾರಾಗಿ ಬೆರಳು ತೋರಿಸಿ, ಅಲ್ಲೇ ಪೈಪ್ ಒಡೆದರೆ ತಪ್ಪು ನಿಮ್ಮ ಕಡೆಗೂ ಬರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನಲ್ಲಿಯ ನೇರಕ್ಕೆ ತೂತು ಹಾಕಬಾರದು. ಇದು ಎಲ್ಲ ಕೆಲಸದವರಿಗೂ ಗೊತ್ತಿರಬೇಕಾದ ಮಾತು.

ಮೈಸೂರಿನ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೆಯ ಮನೆಗಳವರು ಇನ್ನೊಂದು ವಿಷಯ ಗಮನಿಸಿ. ನಿಮ್ಮದು ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಹಳೇ ಕಾಲದ ತಾರಸಿ) ಅಥವಾ ಸುಣ್ಣದ ಗಾರೆಯ ಗೋಡೆ ಆಗಿದ್ದರೆ ಅದನ್ನು ಕಂಟ್ರಾಕ್ಟರ್‌ಗೆ ಬರಹದಲ್ಲೇ ತಿಳಿಸಿ. ಕಾಂಕ್ರೀಟಿಗೆ ಹಿಡಿಯುವ ಆ್ಯಂಕರ್ ಬೋಲ್ಟ್ ಅಲ್ಲಿ ಹಿಡಿಯುವುದಿಲ್ಲ, ಹ್ಯಾಮರ್ ಡ್ರಿಲ್‌ನ ಅದುರಿಗೇ ಗಾರೆ ಉದುರುತ್ತದೆ. ಇನ್ನೂರು ಲೀಟರ್ ಸೋಲಾರ್ ಹೀಟರ್ ಅಂದರೆ ನೀರೊಂದೇ ಇನ್ನೂರು ಕಿಲೋ, ಅದರ ಮೇಲೆ ಟ್ಯಾಂಕು ಮತ್ತು ಸ್ಟ್ಯಾಂಡಿನ ತೂಕ. ಅದು ಎಲ್ಲಿ ಕೂರಬೇಕು ಅಂತ ಎಂಜಿನಿಯರ್ ಹೇಳಲಿ.

ಹಂತ 2: ಹಾನಿ ಕಂಡ ಕ್ಷಣ

ಆ ಜಾಗದ ಕೆಲಸ ನಿಲ್ಲಿಸಿ, ಇಡೀ ಮನೆಯದ್ದು ಬೇಡ. ಪೈಪ್ ಒಡೆದಿದ್ದರೆ ಗೇಟ್ ವಾಲ್ವ್ ಬಂದ್ ಮಾಡಿ. ವೈರಿಗೆ ಡ್ರಿಲ್ ತಗುಲಿದ್ದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ನೋಡುವ ತನಕ ಆನ್ ಮಾಡಬೇಡಿ. ಮೀಟರಿನಿಂದ ಮನೆಯೊಳಗೆ ಬರುವ ವೈರಿಂಗ್ ನಿಮ್ಮದೇ ಜವಾಬ್ದಾರಿ, ಕರೆಂಟ್ ಕಂಪನಿಯಾದ ಸೆಸ್ಕ್‌ನ ಲೈನ್‌ಮನ್ ಬಂದು ಸರಿ ಮಾಡುತ್ತಾರೆ ಅಂತ ಕಾಯಬೇಡಿ.

ಸೋಲಾರ್ ಪ್ಯಾನೆಲ್ ಇರುವವರಿಗೆ ಒಂದು ಗಂಭೀರ ಎಚ್ಚರಿಕೆ. ಇನ್ವರ್ಟರ್ ಆಫ್ ಮಾಡಿದರೂ ಹಗಲಿನಲ್ಲಿ ಪ್ಯಾನೆಲ್‌ನಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸೋರಿಕೆ ಎಲ್ಲಿ ಅಂತ ನೋಡೋಣ ಅಂತ ನೀವೇ ಹತ್ತಿ ಪ್ಯಾನೆಲ್ ಸರಿಸಬೇಡಿ, ಬೋಲ್ಟ್ ಬಿಚ್ಚಬೇಡಿ. ಜೀವಕ್ಕೂ ಅಪಾಯ. ಮೇಲಾಗಿ "ನೀವೇ ಬಿಚ್ಚಿದ್ದರಿಂದ ಸೋರಿತು" ಅನ್ನುವ ಮಾತಿಗೂ ದಾರಿ ಆಗುತ್ತದೆ.

ಸಾಮಾನ್ಯವಾಗಿ ಇಲ್ಲೇ ದೊಡ್ಡ ತಪ್ಪು ನಡೆಯುತ್ತದೆ. ಸಿಟ್ಟಿನಲ್ಲಿ ಮನೆಯವರು ಕೆಲಸದವರ ಡ್ರಿಲ್ ಮಷಿನ್, ಏಣಿ ಕಿತ್ತು ಒಳಗಿಟ್ಟುಕೊಳ್ಳುತ್ತಾರೆ. ದುಡ್ಡು ಕೊಟ್ಟು ತಗೊಂಡು ಹೋಗಿ ಅಂತಾರೆ. ಖಂಡಿತ ಮಾಡಬೇಡಿ. ಅವರು ಠಾಣೆಗೆ ಹೋದರೆ ಅಲ್ಲಿಂದ ಮುಂದೆ ನೀವು ದೂರುದಾರರಲ್ಲ, ಆರೋಪಿ.

ಅಪಾಯ ತಪ್ಪಿಸುವಷ್ಟು ತಾತ್ಕಾಲಿಕ ಕೆಲಸ ಮಾಡಿಸಬಹುದು. ಟಾರ್ಪಾಲ್ ಹೊದಿಸಿ, ಪೈಪಿಗೆ ಮುಚ್ಚಳ ಹಾಕಿಸಿ. ಒಡೆದ ಚೂರು, ಕಿತ್ತ ಪೈಪಿನ ತುಂಡು, ಬಾಗಿದ ಬೋಲ್ಟ್ ಏನನ್ನೂ ಎಸೆಯಬೇಡಿ. ಒಂದು ಚೀಲಕ್ಕೆ ಹಾಕಿ ದಿನಾಂಕ ಬರೆದಿಡಿ.

ಹಂತ 3: ಫೋಟೋ ತೆಗೆಯುವ ರೀತಿ

ಹತ್ತಿರದ ಫೋಟೋ ಒಂದೇ ಇದ್ದರೆ ಅದು ಯಾರ ಮನೆಯ ಬಿರುಕೂ ಆಗಬಹುದು. ಮೊದಲು ಇಡೀ ಕೋಣೆ, ಆಮೇಲೆ ಆ ಗೋಡೆ, ಆಮೇಲೆ ಬಿರುಕು. ಅಳತೆಗೆ ಪಕ್ಕದಲ್ಲಿ ಟೇಪು ಅಥವಾ ನಾಣ್ಯ. ಒಂದು ಫೋಟೋದಲ್ಲಾದರೂ ಅವತ್ತಿನ ಆಂದೋಲನವೋ ಮೈಸೂರು ಮಿತ್ರವೋ ಯಾವುದಾದರೂ ಪತ್ರಿಕೆ, ದಿನಾಂಕ ಕಾಣುವ ಹಾಗೆ ಇರಲಿ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ವಾರಕ್ಕೊಮ್ಮೆ ನೋಡಿ. ಗೆರೆ ದಾಟಿ ಮುಂದೆ ಹೋಗಿದ್ದರೆ ಬಿರುಕು ಬೆಳೆಯುತ್ತಿದೆ ಅಂತ ಅರ್ಥ, ಎಂಜಿನಿಯರ್ ಬೇಗ ಬರಬೇಕು. ತೇವದ ಕಲೆಗೂ ಹೀಗೆಯೇ ಸುತ್ತ ಗೆರೆ ಎಳೆಯಿರಿ.

ಮೂಲ ಫೋಟೋ ಫೋನಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಅದು ಕುಗ್ಗುತ್ತದೆ, ಯಾವಾಗ ತೆಗೆದದ್ದು ಎಂಬ ಒಳಗಿನ ಮಾಹಿತಿಯೂ ಅಳಿಸಿಹೋಗುತ್ತದೆ. ಕೇಸಿನ ತನಕ ಹೋದರೆ ಇಂಥ ಡಿಜಿಟಲ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದನ್ನು ಹೇಳುತ್ತದೆ. ಫೋನ್ ಬದಲಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ.

ಹಂತ 4: ಹೊಸದೋ ಹಳೆಯದೋ, ನೀವೇ ಮೊದಲು ನೋಡಿ

ಇದನ್ನು ಪ್ರಾಮಾಣಿಕವಾಗಿ ಮಾಡಿ. ನಾನು ನೋಡಿದ ಜಗಳಗಳಲ್ಲಿ ಕಂಟ್ರಾಕ್ಟರ್ ಹೇಳಿದ್ದೇ ನಿಜವಾದದ್ದೂ ಇದೆ. ಸಾಮಾನ್ಯವಾಗಿ ನಾವು ಸೀಲಿಂಗನ್ನು ತಲೆಯೆತ್ತಿ ನೋಡುವುದೇ ಇಲ್ಲ. ಹೊಸ ಸಾಮಾನು ಬಂದಾಗ ಮೇಲೆ ನೋಡುತ್ತೇವೆ, ಆಗ ಹಳೆಯ ಬಿರುಕೂ ಹೊಸದಾಗಿ ಕಾಣುತ್ತದೆ.

ಹೊಸ ಬಿರುಕಿನ ಅಂಚು ಚೂಪಾಗಿರುತ್ತದೆ, ಒಳಗೆ ಶುಭ್ರವಾಗಿ ಗಾರೆಯ ಬಣ್ಣವೇ ಕಾಣುತ್ತದೆ, ಕೆಳಗೆ ಪುಡಿ ಬಿದ್ದಿರುತ್ತದೆ. ಹಳೆಯದರಲ್ಲಿ ಧೂಳು, ಜೇಡರ ಬಲೆ ಇರುತ್ತದೆ, ಅಂಚು ಸವೆದಿರುತ್ತದೆ. ಬಿರುಕಿನ ಒಳಗೆ ಪೇಂಟ್ ಇಳಿದಿದ್ದರೆ ಆ ಬಿರುಕು ಪೇಂಟಿಗಿಂತ ಹಿಂದಿನದು, ಅದರಲ್ಲಿ ಎರಡು ಮಾತಿಲ್ಲ. ಕಲೆಯಲ್ಲಿ ಒಂದರೊಳಗೊಂದು ಕಂದು ಬಳೆಗಳಿದ್ದರೆ, ಬಿಳಿ ಉಪ್ಪು ಗಟ್ಟಿಯಾಗಿ ಕೂತಿದ್ದರೆ, ಅಲ್ಲಿ ಹಲವು ಸಲ ನೀರು ಬಂದು ಒಣಗಿದೆ. ಹೋದ ವಾರದ್ದಲ್ಲ.

ಟೈಲ್ಸ್ ಆದರೆ ನಾಣ್ಯದಿಂದ ತಟ್ಟಿ. ಡೊಳ್ಳು ಸದ್ದು ಬಂದರೆ ಕೆಳಗೆ ಪೊಳ್ಳು, ಅಂದರೆ ಕೂರಿಸುವಾಗಲೇ ಗಾರೆ ಸರಿಯಾಗಿ ಹಿಡಿದಿಲ್ಲ. ಪೊಳ್ಳು ಟೈಲ್ ಮೇಲೆ ಫ್ರಿಜ್ ಎಳೆದು ಒಡೆದರೆ ತಪ್ಪು ಎರಡೂ ಕಡೆ ಇದೆ.

ನೆಲದಿಂದ ಎರಡು ಮೂರು ಅಡಿ ಮೇಲಕ್ಕೆ ಏರಿದ ತೇವಕ್ಕೂ ತಾರಸಿಯ ಬೋಲ್ಟಿಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಮಂಡ್ಯ ಕಡೆ ಗದ್ದೆ ಬಯಲಿಗೆ ಅಂಟಿಕೊಂಡ ಮನೆಗಳಲ್ಲಿ ನೆಲದ ತೇವ ಗೋಡೆ ಹತ್ತುವುದು ಉಂಟು. ಅದನ್ನು ಸೋಲಾರ್‌ನವರ ತಲೆಗೆ ಕಟ್ಟಲು ಹೋದರೆ ನಿಮ್ಮ ನಿಜವಾದ ದೂರೂ ಹಗುರಾಗುತ್ತದೆ.

ಹಂತ 5: ಬರಹದಲ್ಲಿ ಕರೆಯಿರಿ, ಇಬ್ಬರ ಎದುರಿಗೆ ಪರೀಕ್ಷೆ ಮಾಡಿ

ಫೋನಿನಲ್ಲಿ ಏನು ಹೇಳಿದರೂ ಆಮೇಲೆ ಹಾಗೇ ಒಂದು ಮೆಸೇಜ್ ಕಳಿಸಿ. ಬೈಗುಳ ಬೇಡ, ಲೆಕ್ಕವೂ ಇನ್ನೂ ಬೇಡ. ಇಷ್ಟು ಸಾಕು:

"ನಮಸ್ಕಾರ. ಇಂಥ ದಿನ ನಿಮ್ಮವರು ತಾರಸಿ ಮೇಲೆ ಸ್ಟ್ಯಾಂಡ್ ಕೂರಿಸಿದರು. ಇಂಥ ದಿನದ ಮಳೆಗೆ ಅದರ ಕೆಳಗಿನ ಕೋಣೆಯಲ್ಲಿ ನೀರು ಕಂಡಿದೆ. ಫೋಟೋ ಜೊತೆಗಿದೆ. ಏಳು ದಿನದ ಒಳಗೆ ನೀವೇ ಬಂದು ನೋಡಿ. ನಿಮ್ಮ ಎದುರಿಗೇ ನೀರು ಕಟ್ಟಿ ಪರೀಕ್ಷೆ ಮಾಡೋಣ. ಅಲ್ಲಿಯವರೆಗೆ ರಿಪೇರಿ ಮಾಡಿಸುವುದಿಲ್ಲ."

ಕೊನೆಯ ವಾಕ್ಯ ಬಿಡಬೇಡಿ. "ನಮಗೆ ನೋಡಲು ಅವಕಾಶವನ್ನೇ ಕೊಡಲಿಲ್ಲ" ಅನ್ನುವುದು ಕಂಟ್ರಾಕ್ಟರ್‌ಗಳ ಕೈಯಲ್ಲಿರುವ ಗಟ್ಟಿ ಉತ್ತರ. ಅದಕ್ಕೆ ಜಾಗ ಇಲ್ಲದಂತೆ ಮಾಡುವುದು ಈ ಒಂದು ಸಾಲು. ಬರದೇ ಹೋದರೆ ಇನ್ನೊಂದು ಸಲ ಬರೆದು, ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ.

ತಾರಸಿಯ ಪರೀಕ್ಷೆ ಹೀಗೆ. ಮಳೆ ಇಲ್ಲದೆ, ಸೀಲಿಂಗ್ ಒಣಗಿದ ದಿನಗಳನ್ನು ಆರಿಸಿ. ಮೊದಲು ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುತ್ತಿದೆಯಾ, ಅದರ ಪೈಪಿನ ಜಾಯಿಂಟ್ ಜಿನುಗುತ್ತಿದೆಯಾ, ಮಳೆನೀರಿನ ಕಿಂಡಿ ಕಟ್ಟಿಕೊಂಡಿದೆಯಾ ನೋಡಿ. ಇವು ಸರಿ ಇದ್ದರೆ, ಬೋಲ್ಟಿನಿಂದ ದೂರದ ಒಂದು ಜಾಗದಲ್ಲಿ ಸಿಮೆಂಟಿನಿಂದಲೋ ಜೇಡಿ ಮಣ್ಣಿನಿಂದಲೋ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. 48 ಗಂಟೆ ಬಿಡಿ. ಕೆಳಗೆ ಏನೂ ಬರದಿದ್ದರೆ ಅದನ್ನು ಖಾಲಿ ಮಾಡಿ, ಬೋಲ್ಟಿನ ಸುತ್ತ ಅದೇ ರೀತಿ ಕಟ್ಟೆ ಕಟ್ಟಿ ಮತ್ತೆ 48 ಗಂಟೆ. ಎರಡನೇ ಸಲ ಮಾತ್ರ ಕೆಳಗೆ ತೇವ ಬಂದರೆ ಜಗಳ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಎರಡೂ ಕಡೆ ಒಟ್ಟಿಗೆ ನೀರು ಕಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಬಹಳ ಜನ ಇದನ್ನೇ ಮಾಡುವುದು.

ಇಡೀ ತಾರಸಿಗೆ ನೀರು ಕಟ್ಟಬೇಡಿ. ಎರಡು ಇಂಚು ನೀರು ಅಂದರೆ ಒಂದು ಚದರ ಮೀಟರಿಗೆ ಸುಮಾರು 50 ಕಿಲೋ ಭಾರ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಗೆ ಐದು ಟನ್ ಆಗುತ್ತದೆ. ಮದ್ರಾಸ್ ತಾರಸಿಗಂತೂ ಈ ಪರೀಕ್ಷೆಯೇ ಬೇಡ. ಇನ್ನೊಂದು ಮಾತು: ನೀರು ಮೋಲ್ಡಿನ ಒಳಗೆ ಹರಿದು ಬೇರೆ ಕಡೆ ಕಾಣಿಸಿಕೊಳ್ಳಬಹುದು. ಬೋಲ್ಟಿನ ಸರಿ ಕೆಳಗೇ ಕಲೆ ಇಲ್ಲ ಅನ್ನುವುದರಿಂದ ಬೋಲ್ಟ್ ತಪ್ಪಿಲ್ಲ ಅಂತ ಆಗುವುದಿಲ್ಲ.

ಗೋಡೆಯೊಳಗಿನ ಪೈಪ್ ಅನುಮಾನ ಇದ್ದರೆ ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ತಿಳಿಯಲು ಪ್ಲಂಬರ್ ಕೈಪಂಪಿನಿಂದ ಪ್ರೆಶರ್ ಟೆಸ್ಟ್ ಮಾಡುತ್ತಾರೆ. ಆಗ ಗೇಜಿನ ಮುಳ್ಳು ಇಳಿಯುವುದನ್ನು ಇಬ್ಬರೂ ನೋಡಲಿ, ವಿಡಿಯೋ ಇರಲಿ.

ಇಷ್ಟಾದ ಮೇಲೂ ಒಮ್ಮತ ಬರದಿದ್ದರೆ ಇಬ್ಬರಿಗೂ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಲಿಖಿತ ವರದಿ ಪಡೆಯಿರಿ. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ ನೋಡಬಹುದು. ಫೀಸನ್ನು ಅರ್ಧರ್ಧ ಹಂಚಿಕೊಳ್ಳಲು ಕಂಟ್ರಾಕ್ಟರ್ ಒಪ್ಪಿದರೆ ತುಂಬ ಒಳ್ಳೆಯದು, ಆಗ ವರದಿ ಯಾರ ಕಡೆಯದೂ ಅಲ್ಲ. ನಿಮ್ಮ ಭಾವನೋ ಚಿಕ್ಕಪ್ಪನೋ ಎಂಜಿನಿಯರ್ ಆಗಿದ್ದರೂ ಅವರಿಂದ ಬರೆಸಬೇಡಿ.

ಹಂತ 6: ಖರ್ಚಿನ ಲೆಕ್ಕ, ಬಾಕಿ ಹಣ

ಎರಡು ಕಡೆಯಿಂದ ಕೋಟೇಶನ್ ತೆಗೆಸಿ. ಅದರಲ್ಲಿ ಒಡೆಯುವುದಕ್ಕೆ ಎಷ್ಟು, ವಾಟರ್ ಪ್ರೂಫಿಂಗಿಗೆ ಎಷ್ಟು, ಗಿಲಾವಿಗೆ ಎಷ್ಟು, ಪೇಂಟಿಗೆ ಎಷ್ಟು ಅಂತ ಬೇರೆ ಬೇರೆ ಇರಲಿ. ಒಂದು ಗೋಡೆ ಹಾಳಾಗಿದ್ದರೆ ಆ ಗೋಡೆಯ ಮೂಲೆಯಿಂದ ಮೂಲೆಗೆ ಪೇಂಟ್ ಕೇಳುವುದು ನ್ಯಾಯ. ಇಡೀ ಮನೆಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ, ಮುಂದೆ ದೂರು ಹೋದರೆ ಗ್ರಾಹಕರ ಆಯೋಗವೂ ಒಪ್ಪುವುದು ಕಷ್ಟ. ಟೈಲ್ಸ್‌ನಲ್ಲಿ ನಿಜವಾದ ತೊಂದರೆ ಅಂದರೆ ಅದೇ ಬ್ಯಾಚ್ ಸಿಗುವುದಿಲ್ಲ, ಹೊಸದು ಬೇರೆ ಬಣ್ಣ ಹೊಡೆಯುತ್ತದೆ. ಅಂಗಡಿಯವರಿಂದ "ಈ ಮಾಲು ಈಗ ಬರುತ್ತಿಲ್ಲ" ಅಂತ ಬರೆಸಿಕೊಂಡರೆ ಹೆಚ್ಚು ಜಾಗದ ಟೈಲ್ಸ್ ಬದಲಿಸಲು ಕೇಳಲು ಆಧಾರ ಸಿಗುತ್ತದೆ.

ಬಾಕಿ ಹಣ ಪೂರ್ತಿ ತಡೆಹಿಡಿಯಬೇಡಿ. ಒಂದೂವರೆ ಲಕ್ಷದ ಕೆಲಸದಲ್ಲಿ 50,000 ಬಾಕಿ ಇದೆ, ಹಾನಿಯ ಅಂದಾಜು 18,000 ಅಂತಿಟ್ಟುಕೊಳ್ಳಿ. 32,000 ಕೊಟ್ಟು, ಉಳಿದದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಅದೇ ದಿನ ಬರೆದು ಕಳಿಸಿ. ಹೀಗೆ ಮಾಡಿದವರ ಹತ್ತಿರ ಕಂಟ್ರಾಕ್ಟರ್ ಮಾತಾಡಲು ಬರುತ್ತಾರೆ, ಪೂರ್ತಿ ತಡೆದವರ ಹತ್ತಿರ ಬರುವುದಿಲ್ಲ. ಅವರಿಗೂ ಕೂಲಿ ಕೊಡಬೇಕಿರುತ್ತದೆ.

ನೀವು ಕಂಟ್ರಾಕ್ಟರ್ ಆಗಿದ್ದರೆ

ಮೇಲಿನದೆಲ್ಲ ನಿಮಗೂ ಅನ್ವಯ. ಮೊದಲ ದಿನದ ವಿಡಿಯೋ ನೀವೂ ಮಾಡಿ. ತೂತು ಹಾಕಿದ ಮೇಲೆ, ಅದಕ್ಕೆ ಕೆಮಿಕಲ್ ತುಂಬಿ ಮುಚ್ಚುವ ಮೊದಲು ಮತ್ತು ಮುಚ್ಚಿದ ಮೇಲೆ ಪ್ರತಿ ಬೋಲ್ಟಿನ ಫೋಟೋ ತೆಗೆಯಿರಿ. ಎರಡು ನಿಮಿಷದ ಕೆಲಸ. ಕರೆ ಬಂದಾಗ ಫೋನ್ ಎತ್ತದೇ ಇರುವುದು ಅತಿ ಕೆಟ್ಟ ತಪ್ಪು. ನೋಡದೆ "ಅದು ಮೊದಲೇ ಇತ್ತು" ಅನ್ನುವುದು ಎರಡನೆಯದು. ನಿಮ್ಮ ತಪ್ಪಿಲ್ಲ ಅನ್ನಿಸಿದರೆ ಬಂದು ನೋಡಿ, ಹಳೆಯ ಬಿರುಕಿನಲ್ಲಿ ಪೇಂಟ್ ಇಳಿದಿರುವುದನ್ನು ಅವರಿಗೇ ತೋರಿಸಿ, ಫೋಟೋ ಸಮೇತ ಬರೆದು ಕಳಿಸಿ. ಹುಡುಗ ಮಾಡಿದ ತಪ್ಪಿಗೆ ನಾನು ಹೊಣೆ ಅಲ್ಲ ಅನ್ನುವ ಮಾತು ನಡೆಯುವುದಿಲ್ಲ. ಕೆಲಸ ಒಪ್ಪಿಕೊಂಡವರು ನೀವು.

ಹಂತ 7: ರಾಜಿ ಆದರೆ ಅದಕ್ಕೂ ಕಾಗದ

"ಆಯ್ತು ಬಿಡಿ ಸಾರ್, ಮಾಡಿಕೊಡ್ತೀನಿ" ಅಂದ ತಕ್ಷಣ ನೆಮ್ಮದಿಯಾಗಿ ಮಲಗಬೇಡಿ. ಒಂದು ಹಾಳೆಯಲ್ಲಿ ಏನು ರಿಪೇರಿ, ಯಾವ ದಿನಾಂಕದ ಒಳಗೆ, ಸಾಮಾನು ಯಾರದ್ದು, ರಿಪೇರಿ ಆದ ಮೇಲೆ ಮತ್ತೆ 48 ಗಂಟೆ ನೀರು ಕಟ್ಟಿ ನೋಡುವುದು, ಅದಾದ ಮೇಲೆ ಬಾಕಿ ಹಣ ಕೊಡುವುದು, ಇಷ್ಟು ಬರೆದು ಇಬ್ಬರೂ ಸಹಿ ಹಾಕಿ. "ಎಲ್ಲ ತಕರಾರು ಪೂರ್ಣ ತೀರಿದೆ" ಎಂಬ ಸಾಲಿಗೆ ರಿಪೇರಿ ಪರೀಕ್ಷೆ ಆಗುವ ಮೊದಲು ಸಹಿ ಹಾಕಬೇಡಿ. ಸಹಿ ಹಾಕಿದ ಮೇಲೆ ಮತ್ತೆ ಸೋರಿದರೆ ಕೇಳಲು ಕಷ್ಟ.

ಹಂತ 8: ರಾಜಿ ಆಗದಿದ್ದರೆ ನೋಟಿಸ್, ಸಹಾಯವಾಣಿ

ವಕೀಲರೇ ಬರೆಯಬೇಕು ಅಂತಿಲ್ಲ. ಕೆಲಸದ ದಿನಾಂಕ, ಕೊಟ್ಟ ಹಣ, ಹಾನಿ, ಪರೀಕ್ಷೆಯ ಫಲ, ಕೇಳುತ್ತಿರುವ ಮೊತ್ತ, 15 ದಿನದ ಗಡುವು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಮನೆ ಬಾಗಿಲಿಗೆ ಬಂದ ಹುಡುಗನ ಹೆಸರಿಗೆ ಕಳಿಸಬೇಡಿ, ಬಿಲ್ ಮೇಲಿರುವ ಹೆಸರಿಗೆ ಕಳಿಸಿ. ಸಾಮಾನು ಮಾರಿದ ಕಂಪನಿಯೇ ಫಿಟ್ ಮಾಡಿಸಿದ್ದರೆ ಕಂಪನಿಗೂ ಒಂದು ಪ್ರತಿ.

ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಹಣ ಬೇಡ. ದೊಡ್ಡ ಕಂಪನಿಯಾದರೆ ಇಲ್ಲೇ ಎಷ್ಟೋ ಸಲ ಇತ್ಯರ್ಥ ಆಗುತ್ತದೆ, ಊರಿನ ಸಣ್ಣ ಕಂಟ್ರಾಕ್ಟರ್ ಆದರೆ ಕಡಿಮೆ. ಕೇಂದ್ರ ಸರ್ಕಾರದ ಸಬ್ಸಿಡಿ ಇರುವ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಪ್ಯಾನೆಲ್ ಹಾಕಿಸಿದವರು ವೆಂಡರ್ ಜೊತೆ ಮಾಡಿಕೊಂಡ ಒಪ್ಪಂದ ತೆಗೆದು ಓದಿ, ಸೆಸ್ಕ್‌ಗೂ ಬರೆಯಿರಿ. ಆ ಯೋಜನೆಯಲ್ಲಿ ಐದು ವರ್ಷದ ನಿರ್ವಹಣೆ ವೆಂಡರ್ ಜವಾಬ್ದಾರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸಿಗೆ ಮೊದಲೇ ರಾಜಿಗೆ ಅರ್ಜಿ ಕೊಡುವುದಕ್ಕೂ ಅವಕಾಶ ಇದೆ, ಅವರ ಸಹಾಯವಾಣಿ 15100.

ಪೊಲೀಸ್ ಠಾಣೆಗೆ ಹೋದರೆ ಇದು ಸಿವಿಲ್ ವಿಷಯ ಅಂತ ಕಳಿಸುತ್ತಾರೆ. ಕೈ ತಪ್ಪಿ ಆದ ಹಾನಿಗೆ ಅವರು ಹೇಳುವುದು ಸರಿಯೇ. ಬೆದರಿಕೆ, ಹಲ್ಲೆ ಆಗಿದ್ದರೆ ಬೇರೆ ಮಾತು.

ಹಂತ 9: ಜಿಲ್ಲಾ ಗ್ರಾಹಕರ ಆಯೋಗ

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಬೆಂಗಳೂರಿನದ್ದಾದರೂ ಮಂಡ್ಯದವರು ಮಂಡ್ಯದಲ್ಲೇ ಕೊಡಬಹುದು. ಕೆಲಸಕ್ಕೆ ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳದೆ ನೀವೇ ವಾದ ಮಾಡಬಹುದು. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್‌ನಲ್ಲಿ ಹಾಕಬಹುದು. ಅಂಗಡಿಯಂಥ ವ್ಯಾಪಾರದ ಕಟ್ಟಡಕ್ಕೆ ಮಾಡಿಸಿದ ಕೆಲಸವಾದರೆ ನೀವು ಗ್ರಾಹಕರೇ ಅಲ್ಲ ಅನ್ನುವ ತಕರಾರು ಬರಬಹುದು, ಮೊದಲೇ ವಕೀಲರನ್ನು ಕೇಳಿ.

ಗಡುವು ಎರಡು ವರ್ಷ. "ಮಾಡಿಕೊಡ್ತೀನಿ, ಈ ಮಳೆಗಾಲ ಕಳೆಯಲಿ" ಅನ್ನುವ ಮಾತು ನಂಬಿ ಕೂತವರು ಇಲ್ಲೇ ಎಡವುತ್ತಾರೆ. ಹಾನಿ ಕಂಡ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ದೂರಿನಲ್ಲಿ ದಿನಾಂಕದ ಕ್ರಮದಲ್ಲಿ ಕಥೆ ಹೇಳಿ, ಪ್ರತಿ ದಾಖಲೆಗೂ ನಂಬರ್ ಹಾಕಿ. ರಿಪೇರಿ ಖರ್ಚು, ಎಂಜಿನಿಯರ್ ಫೀಸು, ತೊಂದರೆಗೆ ಪರಿಹಾರ, ದೂರಿನ ಖರ್ಚು ಬೇರೆ ಬೇರೆ ಕೇಳಿ. ಆಯೋಗದ ನೋಟಿಸ್ ತಲುಪಿದ ಮೇಲೆ ಎದುರಿನವರಿಗೆ ಉತ್ತರ ಕೊಡಲು 30 ದಿನ, ಜಾಸ್ತಿ ಅಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಡುವೆ ಆಯೋಗ ಮಧ್ಯಸ್ಥಿಕೆಗೆ ಕಳಿಸಬಹುದು. ಒಳ್ಳೆಯ ಮಾತು ಬಂದರೆ ಒಪ್ಪಿಕೊಳ್ಳಿ.

ಆದೇಶ ಬಂದ ಮೇಲೆ 45 ದಿನದ ಒಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಹಣ ಕೊಡಬೇಕಾದವರು ಅದರ ಅರ್ಧ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, 25,000ದಿಂದ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ವಿಧಿಸಲು ಕಾಯ್ದೆಯ 72ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆ ಅರ್ಜಿಯ ಜೊತೆಗೂ ಹಂತ 3ರ ಫೋಟೋಗಳನ್ನೇ ಲಗತ್ತಿಸಿ, ಇನ್ನೂ ರಿಪೇರಿ ಆಗಿಲ್ಲದಿದ್ದರೆ ಅವತ್ತಿನ ಹೊಸ ಫೋಟೋ ಸಹ.